ಮಂಡ್ಯದ ಕಬ್ಬು ಬೆಳೆಗಾರರ ಸಂಘದಿಂದ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸಚಿವರ ಸಮ್ಮೇಳನಕ್ಕೆ ಹೋಗಿ ಮಾತಾಡೋದು ಹೇಗೆ?

ಸಚಿವರ ಸಮ್ಮೇಳನಕ್ಕೆ ಹೋಗಬೇಡಿ. ಸಂಘ ಸಂಸ್ಥೆಗಳಿಗೆ ಇಂಥ ಅರ್ಜಿ, ನಿವೇದನೆ ಬರೆದುಕೊಡೋ ಕೆಲಸ ನನ್ನದು. "ಸುಸ್ಥಿರ ಅಭಿವೃದ್ಧಿ ಗೋಷ್ಠಿಯಲ್ಲಿ ಐದು ನಿಮಿಷ ಕೊಟ್ಟರೆ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕು ಅಂತ ಕೇಂದ್ರ ಸರ್ಕಾರ ನಿಗದಿ ಮಾಡೋ ಕನಿಷ್ಠ ದರ) ಸಬ್ಸಿಡಿ ಅಲ್ಲ, ದುಡ್ಡು ಕೊಡೋದು ಕಾರ್ಖಾನೆ, ಸರ್ಕಾರ ಅಲ್ಲ ಅಂತ ಹೇಳಿಬಿಡ್ತೀವಿ" ಅಂತ ನೀವು ಬರೆದಿದ್ದೀರಲ್ಲ, ಆ ಮಾತು ನನಗೆ ಹಳೇ ಪರಿಚಯ. ಕೆಡಿಸೋದೂ ಅದೇ ಮಾತು. ಯಾಕೆ ಅಂತ ಸ್ವಲ್ಪ ಉದ್ದವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ಈ ವಾದವನ್ನು ಭಾರತ ಸರ್ಕಾರವೇ ಡಬ್ಲ್ಯುಟಿಒ ಕಚೇರಿ ಇರೋ ಜಿನೀವಾದಲ್ಲಿ ಮಂಡಿಸಿ ಸೋತಿದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ನಮ್ಮ ಸಕ್ಕರೆ ನೀತಿಯ ಮೇಲೆ ಡಿಎಸ್ 579, 580, 581 ಅಂತ ಮೂರು ದಾವೆ ಹೂಡಿದ್ದವು. ವಿಚಾರಣಾ ಮಂಡಳಿಯ ವರದಿ 2021ರ ಡಿಸೆಂಬರ್ 14ರಂದು ಹೊರಬಂತು. ಕಬ್ಬಿಗೆ ದುಡ್ಡು ಕೊಡೋದು ಕಾರ್ಖಾನೆ, ಸರ್ಕಾರ ಕೊಳ್ಳೋದೂ ಇಲ್ಲ ಹಣ ಕೊಡೋದೂ ಇಲ್ಲ, ಹಾಗಾಗಿ ಇದು ಬೆಲೆ ಬೆಂಬಲವೇ ಅಲ್ಲ ಅಂತ ನಮ್ಮ ವಕೀಲರು ವಾದಿಸಿದರು. ಮಂಡಳಿ ಒಪ್ಪಲಿಲ್ಲ. ಬೆಲೆ ಬೆಂಬಲ ಅನ್ನಿಸಿಕೊಳ್ಳೋದಕ್ಕೆ ಸರ್ಕಾರವೇ ಕೊಳ್ಳಬೇಕೆಂದಿಲ್ಲ, ಕಾನೂನಿನ ಬಲದಿಂದ ಬೆಲೆ ನಿಗದಿ ಮಾಡಿದರೆ ಸಾಕು ಅಂದಿತು. 2014-15ರಿಂದ 2018-19ರವರೆಗಿನ ಐದೂ ಹಂಗಾಮಿನಲ್ಲಿ, ಇಂಥ ಬೆಂಬಲಕ್ಕೆ ಇರೋ, ಕಬ್ಬಿನ ಒಟ್ಟು ಉತ್ಪಾದನಾ ಮೌಲ್ಯದ ಶೇ 10ರ ಮಿತಿಯನ್ನು ಭಾರತ ಮೀರಿದೆ ಅಂತ ತೀರ್ಮಾನಿಸಿತು.

ಈ ಬೆಂಬಲದ ಲೆಕ್ಕ ನಡೆಯೋದು ಡಬ್ಲ್ಯುಟಿಒ ಕೃಷಿ ಒಪ್ಪಂದದ ಅನುಬಂಧ 3ರ ಪ್ರಕಾರ. ಸರ್ಕಾರ ನಿಗದಿ ಮಾಡಿದ ಬೆಲೆಯಿಂದ 1986–88ರ ಕಾಲದ ಸ್ಥಿರ ಆಧಾರ ಬೆಲೆಯನ್ನು ಕಳೆದು, ಉಳಿದದ್ದನ್ನು ಆ ಬೆಲೆಗೆ ಅರ್ಹವಾದ ಉತ್ಪಾದನೆಯಿಂದ ಗುಣಿಸ್ತಾರೆ. ಮಾತಿಗೆ, ನಿಗದಿ ಬೆಲೆ ಟನ್ನಿಗೆ 3,000 ರೂಪಾಯಿ, ಆಧಾರ ಬೆಲೆ 500 ಅಂತ ಇಟ್ಕೊಳ್ಳಿ. ಟನ್ನಿಗೆ 2,500 ರೂಪಾಯಿ ಬೆಂಬಲ ಅಂತ ಬರೆದುಕೊಂಡಾಯ್ತು, ಸರ್ಕಾರದ ಬೊಕ್ಕಸದಿಂದ ಒಂದು ಬಿಡಿಗಾಸು ಹೋಗದಿದ್ದರೂ ಸರಿ, ಕಾರ್ಖಾನೆ ನಿಮ್ಮ ಬಾಕಿ ಉಳಿಸಿಕೊಂಡಿದ್ದರೂ ಸರಿ. ಹತ್ತಿರ ಹತ್ತಿರ ನಲವತ್ತು ವರ್ಷ ಹಳೇ ಬೆಲೆ ಹಿಡಿದು ಅಳೆಯೋದು ಅನ್ಯಾಯ ಅನ್ನೋದು ನನ್ನ ಅಭಿಪ್ರಾಯವೂ ಹೌದು. ಆದರೆ ಅದನ್ನು ಬದಲಿಸಬೇಕಾದರೆ ಒಪ್ಪಂದವನ್ನೇ ತಿದ್ದಬೇಕು, ಐದು ನಿಮಿಷದ ಭಾಷಣಕ್ಕೆ ಬಗ್ಗೋ ವಿಷಯ ಅಲ್ಲ. ಮಿತಿ ಮೀರಿದರೂ ದಾವೆ ಹೂಡಬಾರದು ಅನ್ನೋ 2013ರ ಬಾಲಿ ಸಮ್ಮೇಳನದ 'ಶಾಂತಿ ಷರತ್ತು' ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಅದು ಅಕ್ಕಿ, ಗೋಧಿಯಂಥ ಸಾಂಪ್ರದಾಯಿಕ ಆಹಾರ ಬೆಳೆಗಳ ಸರ್ಕಾರಿ ದಾಸ್ತಾನಿಗೆ ಮಾತ್ರ, ಕಬ್ಬು ಅದರೊಳಗೆ ಬರೋದಿಲ್ಲ.

ಇನ್ನೊಂದು ತೊಡಕು ನಿಮ್ಮ ಊರಿನದೇ. "ಕಾರ್ಖಾನೆ ಖಾಸಗಿ" ಅಂತ ಮಂಡ್ಯದವರು ಹೇಳೋ ಹಾಗೇ ಇಲ್ಲ; 1933ರಲ್ಲಿ ಶುರುವಾದ ಮೈಷುಗರ್ ಸರ್ಕಾರದ ಕಂಪನಿ. ಎದುರಿಗೆ ಕೂತವರು ಇಷ್ಟು ಓದಿಕೊಂಡೇ ಬಂದಿರ್ತಾರೆ.

ಭಾರತ ಮೇಲ್ಮನವಿ ಹಾಕಿತು. ಮೇಲ್ಮನವಿ ಪೀಠ ಸದಸ್ಯರಿಲ್ಲದೆ 2019ರ ಡಿಸೆಂಬರ್‌ನಿಂದ ಕೆಲಸ ನಿಲ್ಲಿಸಿರೋದರಿಂದ ವರದಿ ಅಂಗೀಕಾರವಾಗದೆ ಕೂತಿದೆ. ನಿಮ್ಮಂಥವರಿಗೆ ಕೆಲಸ ಇರೋದು ಈ ಸಂದಿಯಲ್ಲೇ.

'ಅರ್ಹ ಉತ್ಪಾದನೆ' ಅನ್ನೋ ಮಾತು ಮತ್ತೆ ನೋಡಿ. ಎಫ್‌ಆರ್‌ಪಿ ಕಟ್ಟಿಹಾಕೋದು ಸಕ್ಕರೆ ಕಾರ್ಖಾನೆಯನ್ನು. ಆಲೆಮನೆಯವನು ಅವತ್ತಿನ ಬೆಲ್ಲದ ಪೇಟೆ ನೋಡಿಕೊಂಡು ಕಬ್ಬಿಗೆ ದರ ಹೇಳ್ತಾನೆ. ಹಾಗಾದರೆ ಆಲೆಮನೆಗೆ ಹೋದ ಕಬ್ಬು ಈ ಗುಣಾಕಾರದಲ್ಲಿ ಸೇರಬೇಕಾ, ಬೇಡವಾ? ವಾದ ಮಾಡೋಕೆ ಜಾಗ ಇರೋದು ಇಲ್ಲಿ, ಅದಕ್ಕೆ ಹಳ್ಳಿ ಮಟ್ಟದ ಅಂಕಿ ಬೇಕು. ಮದ್ದೂರು, ಪಾಂಡವಪುರದ ಕಡೆ ಯಾವ ಊರಿನಿಂದ ಎಷ್ಟು ಟನ್ ಕಾರ್ಖಾನೆಗೆ, ಎಷ್ಟು ಟನ್ ಗಾಣಕ್ಕೆ, ಯಾವ ವಾರ ಯಾವ ದರ ಅನ್ನೋದನ್ನು ಮೂರು ಹಂಗಾಮಿನಷ್ಟು ಬರೆದಿಡಿ, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಸಕ್ಕರೆ ವರ್ಷದ ಲೆಕ್ಕದಲ್ಲಿ. ತೂಕದ ಚೀಟಿ, ಸಕ್ಕರೆ ಇಳುವರಿ ಶೇಕಡಾವಾರು (ಕಬ್ಬಿನ ತೂಕದಲ್ಲಿ ಎಷ್ಟು ಪಾಲು ಸಕ್ಕರೆ ಬಂತು ಅನ್ನೋದು), ಹಣ ಜಮಾ ಆದ ದಿನಾಂಕ ಸೇರಿಸಿ. 2025-26ರ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ ಶೇ 9.5 ಅಥವಾ ಕಡಿಮೆ ಇದ್ದರೆ 329.05. ಕಬ್ಬು ತಲುಪಿದ 14 ದಿನದೊಳಗೆ ಕೊಡದಿದ್ದರೆ ಶೇ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಕೈಗೆ ಬಂದದ್ದು ಎಷ್ಟು, ಯಾವಾಗ ಅಂತ ಪಕ್ಕದ ಕಾಲಂನಲ್ಲಿ ಇರಲಿ. ಪಹಣಿಯ ವಿಸ್ತೀರ್ಣವನ್ನೂ ಹಾಕಿ; ಪಂಪ್‌ಸೆಟ್ ವಿದ್ಯುತ್, ಗೊಬ್ಬರದಂಥ ನೆರವನ್ನು ಬಡ ಹಿಡುವಳಿದಾರರ ಹೆಸರಿನಲ್ಲಿ ಮಿತಿಯಿಂದ ಹೊರಗಿಡೋ ಅದೇ ಕೃಷಿ ಒಪ್ಪಂದದ 6.2ನೇ ವಿಧಿಗೆ ಅದು ಬೇಕಾಗುತ್ತೆ.

ಇದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಮಾಡಿ, ದೆಹಲಿಯ ವಾಣಿಜ್ಯ ಭವನದಲ್ಲಿರೋ ವಾಣಿಜ್ಯ ಇಲಾಖೆಯ ವ್ಯಾಪಾರ ನೀತಿ ವಿಭಾಗಕ್ಕೆ ಕಳಿಸಿ, ಒಂದು ಪ್ರತಿ ದೆಹಲಿಯಲ್ಲೇ ಇರೋ ಡಬ್ಲ್ಯುಟಿಒ ಅಧ್ಯಯನ ಕೇಂದ್ರಕ್ಕೂ ಹೋಗಲಿ. ಸಚಿವರ ಸಮ್ಮೇಳನ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬರೋ ನಾಲ್ಕೈದು ದಿನದ ಸಂತೆ. ಕರಡು ಸಿದ್ಧವಾಗೋದು ಅದಕ್ಕೂ ತಿಂಗಳುಗಟ್ಟಲೆ ಮುಂಚೆ, ಜಿನೀವಾದ ಸಮಿತಿಗಳಲ್ಲಿ. 2024ರಲ್ಲಿ ಅಬುಧಾಬಿಯಲ್ಲಿ ಒಂದು ದಿನ ಹೆಚ್ಚಿಗೆ ಎಳೆದರೂ ಕೃಷಿಯಲ್ಲಿ ಏನೂ ಗಿಟ್ಟಲಿಲ್ಲ. ಸಂಘಗಳ ಬ್ಯಾಡ್ಜ್‌ಗೆ ಸಂಧಾನದ ಕೋಣೆ ತೆರೆಯೋದೂ ಇಲ್ಲ. ಮೇಲಾಗಿ ಒಳಗೆ ಬಿಡೋದು ಆತಿಥೇಯ ದೇಶದ ಮರ್ಜಿ: 2017ರಲ್ಲಿ ಬ್ಯೂನಸ್ ಐರಿಸ್ ಸಮ್ಮೇಳನಕ್ಕೆ ಡಬ್ಲ್ಯುಟಿಒ ಹೂಂ ಅಂದಿದ್ದ ಹಲವರ ಅನುಮತಿಯನ್ನು ಅರ್ಜೆಂಟೀನಾ ಸರ್ಕಾರ ಕೊನೇ ಗಳಿಗೆಯಲ್ಲಿ ರದ್ದು ಮಾಡಿತು.

ಹೋಗಲೇಬೇಕು ಅನ್ನೋ ಹಟ ಇದ್ದರೆ ಜಿನೀವಾದ 'ಪಬ್ಲಿಕ್ ಫೋರಂ'ಗೆ ಹೋಗಿ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಡಬ್ಲ್ಯುಟಿಒ ಕಚೇರಿಯಲ್ಲೇ ನಡೆಯುತ್ತೆ, ನೋಂದಣಿ ಉಚಿತ, ವ್ಯಕ್ತಿಯಾಗಿಯೂ ಹೆಸರು ಕೊಡಬಹುದು. ನಿಮ್ಮದೇ ಗೋಷ್ಠಿ ಬೇಕಾದರೆ ತಿಂಗಳುಗಳ ಮುಂಚೆ ಪ್ರಸ್ತಾವನೆ ಕರೀತಾರೆ, ಆ ವರ್ಷದ ವಿಷಯಕ್ಕೆ ಹೊಂದಿಸಿ ಬರೀಬೇಕು. ಒಬ್ಬರೇ ಅರ್ಜಿ ಹಾಕಬೇಡಿ. ಬೇರೆ ಖಂಡದ ಒಂದು ಸಂಘಟನೆ, ಒಬ್ಬ ಅರ್ಥಶಾಸ್ತ್ರಜ್ಞ ಜೊತೆಗಿದ್ದರೆ ತೂಕ ಬೇರೆ. ಮಾತು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ, ಕನ್ನಡಕ್ಕೆ ದುಭಾಷಿಯನ್ನು ನೀವೇ ಕರೆದೊಯ್ಯಬೇಕು.

ಸಂಘದ ನೋಂದಣಿ ಒಮ್ಮೆ ನೋಡ್ಕೊಳ್ಳಿ. ಸಚಿವರ ಸಮ್ಮೇಳನಕ್ಕೆ ಲಾಭರಹಿತ ಸಂಸ್ಥೆಯೇ ಆಗಬೇಕು. ರೈತ ಉತ್ಪಾದಕ ಕಂಪನಿ ಹೆಸರಿನಲ್ಲಿ ಹಾಕಿದರೆ ಅರ್ಜಿ ಅಲ್ಲೇ ಎಡವುತ್ತೆ, ಸೊಸೈಟಿ ಅಥವಾ ಟ್ರಸ್ಟ್ ಹೆಸರಲ್ಲಿ ಹಾಕಿ. ವಿದೇಶಿ ಸಂಸ್ಥೆ ಖರ್ಚು ಕೊಡ್ತೀನಿ ಅಂದರೆ ಟಿಕೆಟ್ಟನ್ನು ಅವರೇ ಕೊಡಿಸಲಿ. ಹಣ ಸಂಘದ ಖಾತೆಗೆ ಬಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಕೇಳ್ತಾರೆ, ಅದಕ್ಕೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ಬೇಕು.

ಜಿನೀವಾಕ್ಕೆ ಬೇಕಾದ ವೀಸಾ ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಅರ್ಜಿ ಬೆಂಗಳೂರಿನಲ್ಲಿ. ಆರು ತಿಂಗಳ ಮುಂಚಿನಿಂದ ಹಾಕಬಹುದು, ಕಡೇ ಪಕ್ಷ ಎರಡು ತಿಂಗಳು ಇಟ್ಕೊಳ್ಳಿ. ಶುಲ್ಕ 90 ಯೂರೊ, 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಕೃಷಿ ಆದಾಯ ಇರೋರು ಐಟಿ ರಿಟರ್ನ್ಸ್ ಇಲ್ಲ ಅಂತ ಸುಮ್ಮನಾಗ್ತಾರೆ, ಅರ್ಜಿ ತಿರಸ್ಕಾರ ಆಗೋದು ಅಲ್ಲೇ ಜಾಸ್ತಿ. ಪಹಣಿಯ ಇಂಗ್ಲಿಷ್ ಅನುವಾದ, ಕಾರ್ಖಾನೆಯ ಪಾವತಿ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ.