ಉತ್ತರ ಗೊತ್ತಿದ್ದೂ ಹೇಳುವಂತಿಲ್ಲದ ಕೆಲಸ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಈಕೆ ಕರ್ನಾಟಕದಲ್ಲಿ ಬಿಎಎಸ್‌ಎಲ್‌ಪಿ ಎಂಬ ಮಾತು ಮತ್ತು ಶ್ರವಣ ವಿಷಯದ ಪದವಿ ಓದಿ, ಮಕ್ಕಳಿಗೆ ಸ್ಪೀಚ್ ಥೆರಪಿ (ಮಾತಿನ ಚಿಕಿತ್ಸೆ) ಕೊಡುತ್ತಿದ್ದವರು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಸ್ಪೀಚ್ ಪೆಥಾಲಜಿಸ್ಟ್ (ಮಾತಿನ ತೊಂದರೆ ಗುರುತಿಸಿ ಚಿಕಿತ್ಸೆ ಕೊಡುವ ತಜ್ಞರು) ಆಗಲು ಮಾಸ್ಟರ್ಸ್ ಬೇಕು. ಹಾಗಾಗಿ ಅವರ ಸಹಾಯಕರಿಗಿರುವ ಲೈಸೆನ್ಸ್ ಪಡೆದು ಶಾಲೆಯಲ್ಲಿ ಸಹಾಯಕಿಯಾಗಿ ಸೇರಿದರು. ರಜೆಗೆ ಊರಿಗೆ ಬಂದಾಗ ಸಮಾಲೋಚನೆಗೆಂದು ನನ್ನನ್ನು ನೋಡಲು ಬಂದರು. ಸರಿಯಾಗಿ ನಿದ್ದೆಯಿಲ್ಲ, ಕೆಲಸ ನೆನೆದರೆ ಹೊಟ್ಟೆ ತೊಳಸುತ್ತದೆ ಎಂದರು.

"ಇಲ್ಲಿ ನಾನೇ ಪರೀಕ್ಷೆ ಮಾಡಿ ರಿಪೋರ್ಟ್ ಬರೀತಿದ್ದೆ ಮೇಡಂ. ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕು." ಶಾಲೆಯ ಗೇಟಿನ ಹತ್ತಿರ ಕನ್ನಡದ ತಾಯಿಯೊಬ್ಬರು, "ಅಕ್ಕಾ, ನೀವಾದ್ರೂ ಹೇಳಿ, ಮಗನಿಗೆ ಆಟಿಸಂ ಇದೆಯಾ?" ಎಂದು ಅತ್ತಿದ್ದರಂತೆ.

ಸ್ಪೀಚ್ ಪೆಥಾಲಜಿಸ್ಟ್‌ಗಳ ಅಮೆರಿಕದ ವೃತ್ತಿ ಸಂಘ ಆಶಾದ (ASHA) ಮಾರ್ಗಸೂಚಿ ಸ್ಪಷ್ಟವಾಗಿದೆ. ಪೆಥಾಲಜಿಸ್ಟ್ ಹಾಕಿಕೊಟ್ಟ ಥೆರಪಿಯನ್ನು ಸಹಾಯಕರು ಕೊಡಬಹುದು, ಮಗುವಿನ ಪ್ರಗತಿ ಗುರುತಿಸಿಡಬಹುದು. ತೊಂದರೆ ಇಂಥದ್ದು ಎಂದು ಹೇಳುವಂತಿಲ್ಲ. ತಾವಾಗಿ ಯೋಜನೆ ಬದಲಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲ 90 ದಿನ, ವಾರದ ಕೆಲಸದಲ್ಲಿ ಕನಿಷ್ಠ ಶೇ 20ರಷ್ಟು ಮೇಲ್ವಿಚಾರಕರಾದ ಪೆಥಾಲಜಿಸ್ಟ್ ಕಣ್ಣೆದುರೇ ನಡೆಯಬೇಕು. ಈಕೆಗೆ ಅದು ಸಿಗಲೇ ಇಲ್ಲ. ಮೇಲ್ವಿಚಾರಕರಿಗೆ ಹಲವು ಶಾಲೆ. ಥೆರಪಿ ನೋಡದೆಯೇ ಸಹಿ ಹಾಕುತ್ತಿದ್ದರು. ಐಇಪಿ (ವಿಶೇಷ ಅಗತ್ಯದ ಮಗುವಿಗೆಂದೇ ರೂಪಿಸುವ ಶಿಕ್ಷಣ ಯೋಜನೆ) ಸಭೆಯಲ್ಲಿ ಮಗುವಿನ ಗುರಿಗಳನ್ನು ಒಬ್ಬರೇ ವಿವರಿಸಿ ಎಂದು ಶಾಲೆಯವರು ಬೇರೆ ಒತ್ತಾಯ ಮಾಡುತ್ತಿದ್ದರು.

ಈಕೆ ಅವಮಾನ ಅಂದುಕೊಂಡಿದ್ದರಲ್ಲಿ ಹೆಚ್ಚಿನ ಪಾಲು ಭಯವೇ ಎಂದು ನನಗನಿಸಿತು. ನೋಡಿಕೊಳ್ಳಬೇಕಾದವರು ಬರದಿದ್ದರೆ ಹೊಣೆಯೆಲ್ಲ ಕೆಳಗಿನವರ ತಲೆಗೇ ಬರುತ್ತೆ, ಅಲ್ವಾ? ಅದನ್ನು ಸುಮ್ನೆ ಹೊತ್ತುಕೊಳ್ಳಬೇಡಿ ಎಂದೆ. ಮೇಲ್ವಿಚಾರಕರು ಬಂದ ದಿನ, ನೋಡಿದ ಅವಧಿ ಬರೆದಿಡಿ. ವಾರದಲ್ಲಿ ಯಾವಾಗ ಬರುತ್ತೀರಿ ಎಂದು ಅವರಿಗೆ ಇಮೇಲ್ ಹಾಕಿ, ಶಾಲಾ ಜಿಲ್ಲೆಯ (ಅಲ್ಲಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ವಿಶೇಷ ಶಿಕ್ಷಣ ವಿಭಾಗಕ್ಕೂ ಪ್ರತಿ ಕಳಿಸಿ. ಐಇಪಿ ಸಭೆಗೆ ಅವರ ಬದಲು ಹೋಗಬೇಡಿ. ಕೆಲಸ ಹೋದರೆ ಎಂದು ಕೇಳಿದರು. ಲೈಸೆನ್ಸ್ ಹೋದರೆ ಇನ್ನೂ ಕಷ್ಟ ಎಂದು ನೇರವಾಗಿಯೇ ಹೇಳಿದೆ.

ಆ ತಾಯಿಗೆ ಏನು ಹೇಳಬೇಕು ಎಂಬುದಕ್ಕೇ ಜಾಸ್ತಿ ಹೊತ್ತು ಕೊಟ್ಟೆವು. ಅಳುವ ತಾಯಿಯನ್ನು "ನಂಗೊತ್ತಿಲ್ಲ" ಎಂದು ಕಳಿಸುವುದು ಸುಳ್ಳೂ ಹೌದು, ಕ್ರೂರವೂ ಹೌದು. ನಾನು ಆ ತಾಯಿಯ ಪಾತ್ರ ವಹಿಸಿ ಕೇಳಿದೆ, ಅವರು ಉತ್ತರಿಸುತ್ತಾ ಹೋದರು. ಕೊನೆಗೆ ನಿಂತ ಮಾತು ಇದು: "ಅಮ್ಮಾ, ನಿಮ್ಮ ಆತಂಕ ಅರ್ಥವಾಗುತ್ತೆ. ಇದನ್ನು ಪರೀಕ್ಷೆ ಮಾಡಿಯೇ ಹೇಳಬೇಕು, ಅದನ್ನು ಮಾಡೋರು ಬೇರೆ. ಪರೀಕ್ಷೆ ಬೇಕು ಅಂತ ಶಾಲೆಗೆ ಬರೆದುಕೊಡಿ, ಅದು ನಿಮ್ಮ ಹಕ್ಕು. ಸಭೆಗೆ ಕನ್ನಡದ ದುಭಾಷಿ ಬೇಕು ಅಂತಲೂ ಕೇಳಿ." ಅಲ್ಲಿ ಹಾಗೆ ಬರೆದುಕೊಟ್ಟರೆ 15 ದಿನದೊಳಗೆ ಪರೀಕ್ಷೆಯ ಯೋಜನೆ ಪೋಷಕರ ಕೈಗೆ ಬರಬೇಕು. ದುಭಾಷಿಯಾಗಿ ಈಕೆಯನ್ನೇ ಕರೆದರೆ ಅದಕ್ಕೆ ಬೇಕಾದ ತರಬೇತಿ ಕೇಳಿ ಪಡೆಯಿರಿ, ಅನುವಾದಕ್ಕೆ ಸ್ವಂತ ಅಭಿಪ್ರಾಯ ಸೇರಿಸಬೇಡಿ ಎಂದೂ ಹೇಳಿದೆ.

ಶಾಲೆ ಶುರುವಾದ ಮೇಲೆ ಬರೆದರು. ಇಮೇಲ್ ನೋಡಿ ಮೇಲ್ವಿಚಾರಕರು ಮೊದಲು ಮುನಿಸಿಕೊಂಡರಂತೆ. ಈಗ ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಆ ತಾಯಿ ಪತ್ರ ಕೊಟ್ಟಿದ್ದಾರೆ. ಮಾಸ್ಟರ್ಸ್‌ಗೆ ಸೇರಬೇಕೋ ಬೇಡವೋ ಎಂಬ ಪ್ರಶ್ನೆ ಈಕೆಗೆ ಹಾಗೇ ಉಳಿದಿದೆ. ಮುಂದಿನ ರಜೆಯಲ್ಲಿ ಅದರ ಬಗ್ಗೆ ಕೂತು ಮಾತಾಡಲಿದ್ದೇವೆ.