ಸೇಂಟ್ ಪೀಟರ್ಸ್‌ಬರ್ಗ್‌ನ ಹಳೇ ಊರಿನಲ್ಲಿ ಗಗನಚುಂಬಿ ಯಾಕಿಲ್ಲ? 462 ಮೀಟರಿನ ಲಖ್ತಾ ಸೆಂಟರ್ ಗೋಪುರ ಊರಂಚಿಗೆ ಹೋಗಿದ್ದೇಕೆ?

ಕಾನೂನಿನ ಎತ್ತರಮಿತಿಯೇ ಕಾರಣ. ಜೌಗು ಮಣ್ಣು ಅಂತ ಹಲವರು ಹೇಳುತ್ತಾರೆ. ಆದರೆ ಲಖ್ತಾದ ಮಣ್ಣೂ ಮೆತ್ತಗೇ ಇದೆ.

1844ರಲ್ಲಿ ತ್ಸಾರ್ ಒಂದನೇ ನಿಕೊಲಾಯ್ ಖಾಸಗಿ ಮನೆಗಳಿಗೆ 11 ಸಾಜೆನ್ ಮಿತಿ ಹಾಕಿದ. ಸಾಜೆನ್ ಅಂದರೆ ರಷ್ಯಾದ ಹಳೇ ಅಳತೆ, 2.13 ಮೀಟರ್, ಒಟ್ಟು ಸುಮಾರು 23.5 ಮೀಟರ್. ಅಳತೆಗೋಲು ತ್ಸಾರ್‌ನ ಚಳಿಗಾಲದ ಅರಮನೆ, ಅದರ ಸೂರಂಚನ್ನು ಯಾರ ಮನೆಯೂ ಮೀರಬಾರದು. ಹೀಗಾಗಿ ನೆವಾ ನದಿ ದಂಡೆಯ ಮಾಡುಗಳೆಲ್ಲ ಗೆರೆ ಎಳೆದಂತಿವೆ. ಆ ಗೆರೆ ದಾಟಿ ಏಳುವುದು ಚರ್ಚಿನ ಗುಮ್ಮಟ, ಶಿಖರಗಳು ಮಾತ್ರ. ಪೀಟರ್-ಪಾಲ್ ಕೆಥೆಡ್ರಲ್‌ನ ಚಿನ್ನದ ಮೊನೆ 122.5 ಮೀಟರ್.

ಈ ನೋಟವೇ 1990ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಸ್ಮೋಲ್ನಿ ಕೆಥೆಡ್ರಲ್ ಎದುರಿನ ದಡದಲ್ಲಿ 400 ಮೀಟರ್ ಆಸುಪಾಸಿನ ಗೋಪುರ ಕಟ್ಟುವ ಯೋಜನೆ ಬಂದಾಗ ಊರು ಸಿಡಿದೆದ್ದಿತು. 2010ರ ಡಿಸೆಂಬರ್‌ನಲ್ಲಿ ಯೋಜನೆ ಫಿನ್ಲೆಂಡ್ ಕೊಲ್ಲಿಯ ದಂಡೆಯ ಲಖ್ತಾಗೆ ಸರಿಯಿತು.

ಇನ್ನು ಮಣ್ಣಿನ ಮಾತು. ಅಲ್ಲಿ 2 ಮೀಟರ್ ವ್ಯಾಸದ 264 ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಆಧಾರ ಕಂಬಗಳನ್ನು, ಆಳದ ಗಟ್ಟಿ ಜೇಡಿಗೆ ಇಳಿಸಿದರು. ಮೇಲೆ 3.6 ಮೀಟರ್ ದಪ್ಪದ ತಳಹಲಗೆ: 2015ರಲ್ಲಿ 19,624 ಘನ ಮೀಟರ್ ಕಾಂಕ್ರೀಟನ್ನು 49 ಗಂಟೆ ಎಡೆಬಿಡದೆ ಸುರಿದರು. ನಡುವೆ ನಿಲ್ಲಿಸಿದರೆ ಗಟ್ಟಿಯಾದ ಪದರಕ್ಕೆ ಹೊಸದು ಬೆಸೆಯುವುದಿಲ್ಲ, ಆ ಸಂದಿಯೇ ದುರ್ಬಲ ಜಾಗ.

ಇಷ್ಟು ದೂರ ಕಳಿಸಿದರೂ ಆಕಾಶ ತಿಳಿಯಾಗಿದ್ದ ದಿನ ಅದು ನೆವಾ ದಂಡೆಗೆ ಕಾಣುತ್ತದೆ. ಎತ್ತರದ ಜಗಳ ಮುಗಿದಿಲ್ಲ.