ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ರೀಕಾಲ್ ಪತ್ರ ಬರುತ್ತಾ?

ಪ್ರಶ್ನೆ: ಬೆಂಗಳೂರಿನಲ್ಲಿ 2013ರ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಪಕ್ಕದ ಮನೆಯವರದ್ದೂ ಅದೇ ಮಾಡೆಲ್. ಏರ್‌ಬ್ಯಾಗ್ ಭಾಗ ಬದಲಾಯಿಸಿಕೊಳ್ಳಿ ಅಂತ ಅವರಿಗೆ ಕಂಪನಿಯಿಂದ ಪತ್ರ ಬಂದಿತ್ತಂತೆ. ನನಗೆ ಏನೂ ಬಂದಿಲ್ಲ. ಹಾಗಾದರೆ ನನ್ನ ಕಾರು ಸರಿ ಇದೆ ಅಂತ ಅಲ್ವಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಹಾಗೆ ಅಂದುಕೊಳ್ಳಬೇಡಿ. ದೋಷ ಇರುವ ಕಾರುಗಳನ್ನು ಕಂಪನಿ ವಾಪಸ್ ಕರೆಸಿ ತನ್ನ ಖರ್ಚಿನಲ್ಲೇ ಸರಿಮಾಡಿಕೊಡುವುದಕ್ಕೆ ರೀಕಾಲ್ ಅನ್ನುತ್ತಾರೆ. ಕಂಪನಿ ಪತ್ರ, ಮೆಸೇಜು ಕಳಿಸುವುದು ತನ್ನ ದಾಖಲೆಯಲ್ಲಿರುವ ವಿಳಾಸಕ್ಕೆ. ಎಷ್ಟೋ ಸಲ ಅಲ್ಲಿ ಇರುವುದು ಮೊದಲ ಮಾಲೀಕರ ವಿಳಾಸ. ಆರ್‌ಸಿ ನಿಮ್ಮ ಹೆಸರಿಗೆ ಆಗಿದ್ದರೂ ಅದು ಆರ್‌ಟಿಓ ದಾಖಲೆ, ಕಂಪನಿಯ ಪಟ್ಟಿಯಲ್ಲೂ ತಾನಾಗಿಯೇ ಹೆಸರು ಬದಲಾಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ನಿಮ್ಮ ಪತ್ರ ಬೆಂಗಳೂರಿನ ಆ ಹಳೇ ವಿಳಾಸಕ್ಕೆ ಹೋಗಿರಬಹುದು.

ನೀವೇ ನೋಡಿಕೊಳ್ಳಿ, ಕಷ್ಟ ಏನಿಲ್ಲ. ಆರ್‌ಸಿಯಲ್ಲಿ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೊಡಿ. ಈ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸುವುದಿಲ್ಲ, ಹಾಗಾಗಿ ಓ ಥರ ಕಂಡದ್ದು ಸೊನ್ನೆ. ಒಂದೇ ಮಾಡೆಲ್ ಆದರೂ ಎಲ್ಲ ಕಾರುಗಳೂ ರೀಕಾಲ್‌ಗೆ ಬರುವುದಿಲ್ಲ, ಯಾವ ಅವಧಿಯಲ್ಲಿ ತಯಾರಾಗಿದ್ದು ಅನ್ನುವುದರ ಮೇಲೆ ಹೋಗುತ್ತದೆ. ಪಕ್ಕದ ಮನೆಯವರನ್ನು ಕೇಳಿದರೆ ಸಾಲದು.

ನೀವು ಕರಾವಳಿಯವರು, ಕಾರು 2013ರದ್ದು, ವಿಷಯ ಏರ್‌ಬ್ಯಾಗಿನದ್ದು. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಜಪಾನಿನ ತಕಾಟಾ ಕಂಪನಿ ಅನೇಕ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಕೊಡುತ್ತಿತ್ತು. ಬ್ಯಾಗ್ ಉಬ್ಬಿಸುವ ಡಬ್ಬಿಯಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಕೆ, ತೇವ ತಾಗಿ ಅದು ಕೆಡುತ್ತದೆ, ಅಪಘಾತ ಆದಾಗ ಡಬ್ಬಿಯೇ ಸಿಡಿದು ಲೋಹದ ಚೂರು ಮುಖಕ್ಕೆ, ಕುತ್ತಿಗೆಗೆ ಬಡಿಯುತ್ತದೆ. ಅಮೆರಿಕ ಒಂದರಲ್ಲೇ ಇದರಿಂದ ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತಿದ್ದಾರೆ. ನಮ್ಮಲ್ಲೂ ಹೋಂಡಾ 2018ರ ಜನವರಿಯಲ್ಲಿ 2013ರಲ್ಲಿ ತಯಾರಾದ 22,834 ಕಾರುಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿತ್ತು. ನಿಮ್ಮದು ಯಾವ ಕಂಪನಿಯದ್ದು ಅಂತ ಬರೆದಿಲ್ಲ, ಯಾವುದೇ ಆಗಿರಲಿ, ಈ ವಾರವೇ ವಿಚಾರಿಸಿ.

2021ರ ಏಪ್ರಿಲ್ 1ರಿಂದ ಸರ್ಕಾರವೇ ಕಡ್ಡಾಯವಾಗಿ ರೀಕಾಲ್ ಮಾಡಿಸುವ ನಿಯಮ ಬಂದಿದೆ, ಒಂದು ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ನನಗೆ ಇದು ಸರಿ ಕಾಣುವುದಿಲ್ಲ, ಹಳೇ ಕಾರು ಓಡಿಸುವವರಿಗೇ ಅಲ್ವಾ ಮಾಹಿತಿ ಸಿಗದೇ ಇರುವುದು? ಆದರೂ ಕಂಪನಿ ತಾನಾಗಿ ಮಾಡಿದ ರೀಕಾಲ್‌ನಲ್ಲಿ ನಿಮ್ಮ ನಂಬರ್ ಇದ್ದರೆ, ಮೊದಲ ಮಾಲೀಕರು ಮಾಡಿಸಿಲ್ಲದಿದ್ದರೆ, ಸುಮ್ನೆ ಬಿಡಬೇಡಿ, ಕೇಳಿ ಮಾಡಿಸಿಕೊಳ್ಳಿ.

ಪ್ರಶ್ನೆ: ರೀಕಾಲ್ ಕೆಲಸಕ್ಕೆ ಹೋದರೆ ಡೀಲರ್ ಲೇಬರ್ ಚಾರ್ಜ್ ಕೇಳಿದರು. ಕೊಡಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಡ. ರೀಕಾಲ್ ಅಂದಮೇಲೆ ಪಾರ್ಟೂ ಲೇಬರ್ರೂ ಕಂಪನಿ ಖರ್ಚು. ಜೊತೆಗೆ ಆಯಿಲ್ ಬದಲಾಯಿಸಿದರೆ, ಬೇರೆ ಸರ್ವಿಸ್ ಮಾಡಿಸಿದರೆ ಅದಕ್ಕೆ ಮಾತ್ರ ಕೊಡಿ. ಸರ್ವಿಸ್ ಸೆಂಟರ್‌ನವರು ಕೆಲಸದ ವಿವರ ಬರೆಯುವ ಜಾಬ್ ಕಾರ್ಡಿನಲ್ಲಿ ರೀಕಾಲ್ ಕೆಲಸ ಅಂತ ಬೇರೆಯಾಗಿ ಬರೆಸಿ, ಕಾಪಿ ಇಟ್ಟುಕೊಳ್ಳಿ, ಮುಂದೆ ಕಾರು ಮಾರಿದರೆ ತಗೊಳ್ಳುವವರಿಗೆ ಕೊಡಿ. ಒಪ್ಪದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿ, ಅಲ್ಲೂ ಆಗದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.